ಮನೆ ಹತ್ರದ ಮಾಲ್ ಉಳಿಯುತ್ತಾ ಮುಳುಗುತ್ತಾ ಅಂತ ಪತ್ತೆ ಮಾಡೋದು ಹೇಗೆ

ಅಮೆರಿಕಾದಲ್ಲಿರೋ ನಮ್ಮವ್ರು ಮನೆ ತಗೊಳೋವಾಗ ಸ್ಕೂಲ್ ರೇಟಿಂಗ್ ನೋಡ್ತಾರೆ, ಟ್ಯಾಕ್ಸ್ ನೋಡ್ತಾರೆ, ಬೇಸ್‌ಮೆಂಟಿಗೆ ನೀರು ನುಗ್ಗುತ್ತಾ ಅಂತ ಗೋಡೆ ಮುಟ್ಟಿ ಮುಟ್ಟಿ ನೋಡ್ತಾರೆ, ಬಾಗ್ಲು ಪೂರ್ವಕ್ಕಿದ್ಯಾ ಅಂತ ಫೋನಲ್ಲಿ ಕಂಪಾಸ್ ತೆಗೀತಾರೆ, ಆದ್ರೆ ಐದು ನಿಮಿಷದಲ್ಲಿ ಒಂದು ದೊಡ್ಡ ಮಾಲ್ ಇದೆ ಅಂತ ಏಜೆಂಟ್ ಹೇಳಿದ್ರೆ ಸಾಕು, ಏನೂ ವಿಚಾರಿಸ್ದೆ ಖುಷಿಯಾಗಿ ತಲೆ ಆಡಿಸ್ತಾರೆ. ನಾನೂ ಹಂಗೇ ತಲೆ ಆಡಿಸ್ದೋನು. ಕ್ಲೀವ್‌ಲ್ಯಾಂಡ್ ಪಕ್ಕದ ಒಂದು ಸಬರ್ಬಲ್ಲಿ ಮನೆ ತಗೊಂಡ್ವಿ, ಮೊದಲ್ನೇ ಚಳಿಗಾಲದಲ್ಲಿ ಮಗೂನ ಸ್ಟ್ರೋಲರಲ್ಲಿ ಹಾಕ್ಕೊಂಡು ಮಾಲ್ ತುಂಬಾ ಓಡಾಡಿದ್ವಿ, ಅವನು ಮಿಡ್ಲ್ ಸ್ಕೂಲಿಗೆ ಬರೋ ಹೊತ್ತಿಗೆ ಅಲ್ಲಿ ಉಳಿದಿದ್ದು ಒಂದು ಉಗುರು ಬಣ್ಣ ಹಚ್ಚೋ ಪಾರ್ಲರ್ ಮತ್ತೆ ಒಂದು ಕರಾಟೆ ಕ್ಲಾಸ್. ಆ ಮಾಲ್ ಹೆಸರು ಇಲ್ಲಿ ಬೇಡ. ಆದ್ರೆ ಅದು ಹೋಗ್ತಿದೆ ಅಂತ ನಂಗೆ ಕೊನೆವರ್ಗೂ ಗೊತ್ತಾಗ್ಲಿಲ್ವಲ್ಲ, ಲಕ್ಷಣ ಎಲ್ಲಾ ಕಣ್ಮುಂದೆನೇ ಇತ್ತು, ನೋಡೋ ಜಾಗ ತಪ್ಪಾಗಿತ್ತು. ಅದಕ್ಕೇ ಇದನ್ನ ಬರೀತಿರೋದು.

ಮೊದ್ಲು ಒಂದ್ ವಿಷ್ಯ ತಲೇಲಿ ಇಟ್ಕೊಳಿ, ಮಾಲಲ್ಲಿ ಜನ ಇದಾರಾ ಇಲ್ವಾ ಅಂತ ನೋಡ್ಬೇಡಿ, ಎರಡು ತುದಿ ನೋಡಿ. ಅಮೆರಿಕನ್ ಮಾಲ್ ಅಂದ್ರೆ ಜಿಮ್ಮಲ್ಲಿರೋ ಡಂಬೆಲ್ ತರ, ಆ ತುದೀಲೊಂದು ಈ ತುದೀಲೊಂದು ದೊಡ್ಡ ಡಿಪಾರ್ಟ್‌ಮೆಂಟ್ ಸ್ಟೋರು, ಮಧ್ಯದಲ್ಲಿ ಉದ್ದಕ್ಕೆ ಸಣ್ಣ ಅಂಗಡಿಗಳು. ತುದೀಲಿರೋದಕ್ಕೆ ಆಂಕರ್ ಅಂತಾರೆ (ಟಿವಿ ಆಂಕರ್ ಅಲ್ಲ, ಹಡಗಿನ ಲಂಗರು). ಸಿಯರ್ಸ್ ಅನ್ನೋ ಸ್ಟೋರಿಗೆ ವಾಷಿಂಗ್ ಮಷೀನ್ ನೋಡಕ್ಕೆ ಬಂದೋರು ಆ ಕಡೆ ತುದೀಲಿ ಜೆಸಿಪೆನ್ನಿಲಿ ಮಕ್ಕಳ ಬಟ್ಟೆ ತಗೊಳ್ಳೋಣ ಅಂತ ನಡ್ಕೊಂಡು ಹೋಗ್ತಿದ್ರು, ಊರಿಗೆ ಬಂದವಳು ನೀರಿಗೆ ಬರ್ದೇ ಇರ್ತಾಳಾ ಅನ್ನೋ ಲೆಕ್ಕ, ದಾರೀಲಿ ಚಪ್ಪಲಿ ಅಂಗಡಿ, ಕುಕ್ಕಿ ಅಂಗಡಿ, ಕ್ಯಾಂಡಲ್ ಅಂಗಡಿ ಎಲ್ಲಾ ಸಿಗ್ತಿತ್ತು. ತಮಾಷೆ ಏನಂದ್ರೆ ಆ ದೊಡ್ಡ ಸ್ಟೋರು ಬಾಡಿಗೆ ಅಂತ ಕೊಡೋದು ಚಿಲ್ಲರೆ ಕಾಸು, ಎಷ್ಟೋ ಕಡೆ ಅದರ ಕಟ್ಟಡ ಅದರದ್ದೇ. ಮಾಲ್ ಓನರ್ ಹೊಟ್ಟೆ ತುಂಬಿಸೋದು ಮಧ್ಯದ ಸಣ್ಣ ಅಂಗಡಿಗಳ ಬಾಡಿಗೆ. ಅಂದ್ರೆ ಜನ ಕರ್ಕೊಂಡು ಬರೋನು ಒಬ್ಬ, ದುಡ್ಡು ಕೊಡೋನು ಇನ್ನೊಬ್ಬ. ಮೊದಲ್ನೇವ್ನು ಎದ್ದು ಹೋದ್ರೆ ಎರಡನೇವ್ನು ಎಷ್ಟು ದಿನ ಇರ್ತಾನೆ ಹೇಳಿ.

ಈ ನಮೂನೆ ಶುರುವಾಗಿದ್ದು 1956ರಲ್ಲಿ, ಮಿನೆಸೋಟಾದ ಈಡೈನಾದಲ್ಲಿ, ಸೌತ್‌ಡೇಲ್ ಸೆಂಟರ್ ಅಂತ, ಪೂರ್ತಿ ಚಾವಣಿ ಹಾಕಿ ಮುಚ್ಚಿದ, ಒಳಗೆ ಹೀಟಿಂಗ್ ಎಸಿ ಇರೋ ಮೊದಲ ಮಾಲು. ಡಿಸೈನ್ ಮಾಡಿದ್ದು ವಿಕ್ಟರ್ ಗ್ರುಯೆನ್, ವಿಯೆನ್ನಾದಿಂದ ಹಿಟ್ಲರ್ ಕಾಟಕ್ಕೆ ಓಡಿ ಬಂದೋರು. ಅವ್ರ ಮನಸಲ್ಲಿದ್ದಿದ್ದು ನಮ್ಮ ಪೇಟೆ ಬೀದಿ ತರದ್ದು, ಸುತ್ತ ಮನೆ, ಸ್ಕೂಲು, ಪಾರ್ಕು ಎಲ್ಲಾ ಇರ್ಬೇಕು ಅಂತ, ಕೊನೆಗೆ ಸುತ್ತ ಉಳಿದಿದ್ದು ಬರೀ ಪಾರ್ಕಿಂಗು. ಅಲ್ಲಿ ಒಂದು ತುದಿ ಆಂಕರ್ ಡೇಟನ್ಸ್, ಮಾಲ್ ಕಟ್ಟಿಸಿದ್ದೂ ಅವ್ರೇ. ಅದೇ ಡೇಟನ್ ಕಂಪನಿ 1962ರಲ್ಲಿ ಅಗ್ಗದ ಸಾಮಾನಿಗೆ ಅಂತ ಇನ್ನೊಂದು ಅಂಗಡಿ ಶುರು ಮಾಡ್ತು, ಅದೇ ಟಾರ್ಗೆಟ್. ಹೌದು, ನಮ್ಮ ಹುಡುಗ್ರು ಮಾನ್ಯತಾ ಟೆಕ್ ಪಾರ್ಕಲ್ಲಿ ಹೋಗಿ ಕೂರ್ತಾರಲ್ಲ, ಅದೇ ಟಾರ್ಗೆಟ್. ಮಾಲ್ ಹುಟ್ಟಿಸಿದ ಕೈನೇ ಮಾಲಿಗೆ ಎದುರಾಳೀನೂ ಹುಟ್ಟಿಸ್ತು. ಅದೇ 1962ರಲ್ಲೇ ವಾಲ್ಮಾರ್ಟೂ ಕೆಮಾರ್ಟೂ ಶುರುವಾಗಿದ್ದು.

ಸರಿ, ಈಗ ಕೆಲ್ಸಕ್ಕೆ ಬರೋಣ. ಮಾಲ್ ಒಳಗೆ ಹೋಗೋ ಮುಂಚೆ ಕಾರಲ್ಲೇ ಕೂತು ಪೂರ್ತಿ ಒಂದು ಪ್ರದಕ್ಷಿಣೆ ಹಾಕಿ, ಹಿಂದುಗಡೆ ಟ್ರಕ್ ಬರೋ ಕಡೇನೂ ಬಿಡ್ಬೇಡಿ. ಆಂಕರ್ ಗೋಡೆ ನೋಡಿ. ಬೋರ್ಡ್ ಕಿತ್ತ ಮೇಲೆ ಅಕ್ಷರದ ಜಾಗ ಮಾತ್ರ ಬೆಳ್ಳಗೆ ಉಳಿದಿರುತ್ತೆ, ಸುತ್ತ ಮಳೆ ಬಿಸಿಲಿಗೆ ಕಪ್ಪಾಗಿರುತ್ತೆ, ಕ್ಯಾಲೆಂಡರ್ ತೆಗೆದ್ಮೇಲೆ ಗೋಡೇಲಿ ಉಳಿಯುತ್ತಲ್ಲ ಹಂಗೆ. ಇದಕ್ಕೆ ಲೇಬಲ್‌ಸ್ಕಾರ್ ಅಂತ ಒಂದು ಹೆಸರೇ ಇದೆ. ನಮ್ಮ ಮಾಲಲ್ಲಿ ಒಂದು ಗೋಡೇಲಿ ಎರಡು ಹೆಸರು ಒಂದರ ಮೇಲೊಂದು ಕಾಣ್ತಿತ್ತು, ಸಂಜೆ ಬಿಸಿಲು ಓರೆಯಾಗಿ ಬಿದ್ರೆ ಮೊದಲ್ನೇದರ ಬೋಲ್ಟ್ ತೂತುಗಳನ್ನೂ ಎಣಿಸ್ಬಹುದಿತ್ತು. ಒಂದು ಗುರುತು ಇದ್ರೆ ಅಷ್ಟೇನೂ ಹೆದರ್ಬೇಡಿ, ಎರಡು ಗುರುತು ಇದ್ರೆ ಆ ಕಟ್ಟಡಕ್ಕೆ ಇಬ್ಬರು ಯಜಮಾನರು ಬಂದು ಇಬ್ಬರೂ ಕೈ ಸುಟ್ಕೊಂಡ್ರು ಅಂತ ಅರ್ಥ. ಆಮೇಲೆ ಪಾರ್ಕಿಂಗ್ ಲಾಟು. ಆಂಕರ್ ಮುಂದಿನ ಟಾರಲ್ಲಿ ಬಿರುಕು ಬಿಟ್ಟು ಹುಲ್ಲು ಬೆಳೆದಿದ್ಯಾ, ಚಳಿಗಾಲದಲ್ಲಿ ಆ ಭಾಗದ ಹಿಮ ಎತ್ತಿದಾರಾ, ಸಂಜೆ ದೀಪದ ಕಂಬ ಎಲ್ಲಾ ಉರಿಯುತ್ತಾ ಇಲ್ಲ ಅರ್ಧ ಮಾತ್ರನಾ. ಯಾವ್ದೋ ಕಾರ್ ಡೀಲರ್ ಹೊಸ ಕಾರುಗಳನ್ನ ಸಾಲಾಗಿ ನಿಲ್ಸಿದ್ರೆ, ಆ ಜಾಗ ಗಿರಾಕಿಗೆ ಬೇಡ ಅಂತ ಓನರೇ ಒಪ್ಕೊಂಡಂಗೆ.

ಒಳಗೆ ಹೋಗೋದಾದ್ರೆ ಮಂಗಳವಾರ ಮಧ್ಯಾಹ್ನ ಎರಡು ಗಂಟೆಗೆ ಹೋಗಿ, ಡಿಸೆಂಬರಲ್ಲಿ ಬೇಡ್ವೇ ಬೇಡ, ಡಿಸೆಂಬರಲ್ಲಿ ಸತ್ತ ಮಾಲೂ ಎದ್ದು ಕೂತಿರುತ್ತೆ. ಬೆಳಿಗ್ಗೆ ಹೋದ್ರೆ ವಾಕಿಂಗ್ ಮಾಡೋ ಹಿರಿಯರನ್ನ ನೋಡಿ ಮೋಸ ಹೋಗ್ತೀರ, ಅವ್ರು ಬೆಚ್ಚಗಿದೆ ಅಂತ ಬಂದಿರೋರು, ಕಾಫಿ ಬಿಟ್ರೆ ಇನ್ನೇನೂ ತಗೊಳಲ್ಲ (ಊರಿಂದ ಬಂದಾಗ ನಮ್ಮಪ್ಪನೂ ಅದನ್ನೇ ಮಾಡ್ತಿದ್ರು, ಕಾಫೀನೂ ಮನೇಲೇ ಕುಡ್ಕೊಂಡು ಹೋಗ್ತಿದ್ರು). ತಲೆ ಎತ್ತಿ ಸ್ಕೈಲೈಟ್ (ಬೆಳಕಿಗೆ ಅಂತ ಚಾವಣೀಲಿ ಹಾಕಿರೋ ಗಾಜು) ನೋಡಿ, ಆಮೇಲೆ ಅದರ ಕೆಳಗಿನ ನೆಲ ನೋಡಿ. ಹಳದಿ ಬೋರ್ಡು, ಪಕ್ಕದಲ್ಲಿ ಬಕೆಟ್ಟು, ಬಕೆಟ್ಟಿನ ಸುತ್ತ ಟವಲ್ಲು. ಒಂದು ವಾರ ಬಿಟ್ಟು ಹೋಗಿ ಮತ್ತೆ ನೋಡಿ, ಬಕೆಟ್ ಅಲ್ಲೇ ಇದ್ರೆ ಮುಗೀತು. ಅಷ್ಟು ದೊಡ್ಡ ಮಾಡು (ಚಾವಣಿ) ರಿಪೇರಿ ಮಾಡ್ಸೋದು ಅಂದ್ರೆ ಹುಡುಗಾಟ ಅಲ್ಲ, ಓನರ್ ಇನ್ನು ಹತ್ತು ವರ್ಷ ಇರ್ತೀನಿ ಅಂದ್ಕೊಂಡಿದ್ರೆ ಮಾತ್ರ ಆ ದುಡ್ಡು ಹಾಕ್ತಾನೆ. ನಮ್ಮಲ್ಲಿ ಮೊದ್ಲು ಕಾರಂಜಿ ನಿಲ್ಸಿ ಅದ್ರಲ್ಲಿ ಪ್ಲಾಸ್ಟಿಕ್ ಗಿಡ ಇಟ್ರು, ಆಮೇಲೆ ಒಂದು ಎಸ್ಕಲೇಟರ್ ಕೆಟ್ಟಿದೆ ಅಂತ ಹಲಗೆ ಅಡ್ಡ ಇಟ್ರು, ಆ ಹಲಗೆ ಎರಡು ವರ್ಷ ಅಲ್ಲೇ ಇತ್ತು, ಅದಕ್ಕೂ ಯಾರೋ ಬಣ್ಣ ಹೊಡ್ದು ಹಬ್ಬದ ಚಿತ್ರ ಬರ್ಸಿದ್ರು.

ಅಂಗಡಿ ಎಷ್ಟು ಖಾಲಿ ಇದೆ ಅಂತ ಎಲ್ರೂ ಎಣಿಸ್ತಾರೆ, ಅದಕ್ಕಿಂತ ಮುಖ್ಯ ಯಾವ ತರದ ಅಂಗಡಿ ಬಂದು ಸೇರ್ಕೊಂಡಿದೆ ಅನ್ನೋದು. ದೇಶದ ತುಂಬಾ ಇರೋ ಚೈನ್ ಅಂಗಡಿ ಹೋಗಿ ಆ ಜಾಗಕ್ಕೆ ಕೈಬರಹದ ಬೋರ್ಡ್ ಇರೋ ಮೊಬೈಲ್ ಕವರ್ ಅಂಗಡಿ, ಭಾನುವಾರದ ಚರ್ಚು, ಅಕ್ಟೋಬರಲ್ಲಿ ಮಾತ್ರ ತೆರೆಯೋ ಹ್ಯಾಲೋವೀನ್ ಅಂಗಡಿ ಬಂತು ಅಂದ್ರೆ ಅವ್ರಲ್ಲಿ ಹೆಚ್ಚಿನೋರು ತಿಂಗಳ ಲೆಕ್ಕದಲ್ಲಿ ಇರೋರು, ವರ್ಷಗಟ್ಟಲೆ ಲೀಸ್ ಮಾಡಿರೋರಲ್ಲ. ಅವ್ರು ಬಂದಿದ್ದು ತಪ್ಪು ಅಂತಿಲ್ಲ, ಒಳ್ಳೇದೇ, ಆದ್ರೆ ಅವ್ರ ಬಾಡಿಗೇಲಿ ಮಾಡು ರಿಪೇರಿ ಆಗಲ್ಲ.

ಇಷ್ಟು ಕಣ್ಣಿಗೆ ಕಾಣೋದು. ನಿಜವಾದ ವಿಷ್ಯ ಇರೋದು ಕಾಗದದಲ್ಲಿ, ಅದನ್ನ ಹೆಚ್ಚಿನೋರು ನೋಡೋದೇ ಇಲ್ಲ. ನಿಮ್ಮ ಕೌಂಟಿ (ನಮ್ಮ ಜಿಲ್ಲೆ ತರ) ವೆಬ್‌ಸೈಟಲ್ಲಿ ಪ್ರಾಪರ್ಟಿ ಸರ್ಚ್ ಅಂತ ಇರುತ್ತೆ, ಪುಕ್ಕಟೆ, ಊರಲ್ಲಿ ಪಹಣಿ ತೆಗ್ಸಕ್ಕೆ ಓಡಾಡೋ ತರ ಓಡಾಡೋದೇನೂ ಬೇಕಿಲ್ಲ. ಮ್ಯಾಪಲ್ಲಿ ಮಾಲ್ ಮೇಲೆ ಕ್ಲಿಕ್ ಮಾಡಿದ್ರೆ ಆಶ್ಚರ್ಯ ಕಾದಿರುತ್ತೆ, ಒಂದೇ ಕಟ್ಟಡ ಅಂದ್ಕೊಂಡಿದ್ದು ನಾಲ್ಕೈದು ಪಾರ್ಸೆಲ್ (ಅಂದ್ರೆ ಬೇರೆ ಬೇರೆ ಸೈಟು) ಆಗಿರುತ್ತೆ, ಒಂದೊಂದಕ್ಕೂ ಬೇರೆ ಬೇರೆ ಓನರು. ಮಧ್ಯದ್ದು ಮಾಲ್ ಕಂಪನಿದು, ಒಂದು ತುದಿ ಮೇಸೀಸ್ ಅನ್ನೋ ಡಿಪಾರ್ಟ್‌ಮೆಂಟ್ ಸ್ಟೋರಿಂದು, ಇನ್ನೊಂದು ತುದಿ ಯಾವ್ದೋ ಎಲ್‌ಎಲ್‌ಸಿದು (ಒಂದು ತರದ ಪ್ರೈವೇಟ್ ಕಂಪನಿ), ಜೊತೆಗೆ ಅವರವರ ಮುಂದಿನ ಪಾರ್ಕಿಂಗೂ ಅವರವರದ್ದೇ. ಇವರೆಲ್ಲಾ ಕಟ್ಟೋವಾಗ್ಲೇ ಒಂದು ಕರಾರು ಮಾಡ್ಕೊಂಡಿರ್ತಾರೆ, ಯಾರ ಪಾರ್ಕಿಂಗಲ್ಲಿ ಯಾರು ಓಡಾಡ್ಬಹುದು, ಏನು ಕಟ್ಬಹುದು, ಸ್ಟೋರನ್ನ ಎಷ್ಟು ವರ್ಷ ತೆರೆದಿಡ್ಬೇಕು ಅಂತ. ಆ ವರ್ಷ ಮುಗೀತು ಅಂದ್ರೆ ಆಂಕರ್ ಬಾಗ್ಲು ಹಾಕ್ಕೊಂಡು ಹೋಗ್ಬಹುದು, ಯಾರೂ ಕೇಳಂಗಿಲ್ಲ. ಆದ್ರೆ ಅದನ್ನ ಕೆಡವಿ ಬೇರೆ ಏನಾದ್ರೂ ಕಟ್ಟೋಣ ಅಂದ್ರೆ ಮಿಕ್ಕೋರ ಒಪ್ಪಿಗೆ ಬೇಕು. ಊರಲ್ಲಿ ಐದು ಜನ ದಾಯಾದಿಗಳ ಜಂಟಿ ಮನೆ ಮಾಡು ಬಿದ್ರೂ ಯಾರೂ ಹೆಂಚು ಹಾಕ್ಸಲ್ಲ ನೋಡಿ, ಇದೂ ಹಂಗೇ. ಸತ್ತ ಮಾಲು ವರ್ಷಾನುಗಟ್ಟಲೆ ಹಂಗೇ ಬಿದ್ದಿರೋದಕ್ಕೆ ಇದು ದೊಡ್ಡ ಕಾರಣ.

ಓನರ್ ಹೆಸ್ರು ಇತ್ತೀಚೆಗೆ ಬದ್ಲಾಗಿದ್ಯಾ ನೋಡಿ. ಸಿಯರ್ಸ್ ಕಥೆನೇ ತಗೊಳಿ. 2005ರಲ್ಲಿ ಕೆಮಾರ್ಟೂ ಸಿಯರ್ಸೂ ಒಂದಾದಾಗ ಎರಡೂ ಸೇರಿ ಸುಮಾರು 3,500 ಸ್ಟೋರು. 2015ರಲ್ಲಿ 235 ಸ್ಟೋರುಗಳ ಜಾಗಾನ ಸೆರಿಟೇಜ್ ಅಂತ ಹೊಸ ಕಂಪನಿ ಮಾಡಿ ಅದಕ್ಕೆ ಮಾರಿ, ತನ್ನದೇ ಆಗಿದ್ದ ಕಟ್ಟಡಗಳಿಗೆ ಬಾಡಿಗೆ ಕಟ್ಕೊಂಡು ಕೂತ್ರು. ಮನೆ ಮಾರಿ ಅದೇ ಮನೇಲಿ ಬಾಡಿಗೆಗಿರೋದು ಯಾವ ಕಾಲದಲ್ಲಿ ಅಂತ ನಮ್ಮ ಅಜ್ಜಿಗೂ ಗೊತ್ತು. 2018ರ ಅಕ್ಟೋಬರಲ್ಲಿ ದಿವಾಳಿ ಅರ್ಜಿ ಹಾಕೋ ಹೊತ್ತಿಗೆ ಉಳಿದಿದ್ದು 700 ಹತ್ತಿರ ಅಷ್ಟೇ. ಹಂಗಾಗಿ ಕೌಂಟಿ ದಾಖಲೇಲಿ ಆಂಕರ್ ತನ್ನ ಕಟ್ಟಡ ಮಾರಿ ಒಳಗೇ ಬಾಡಿಗೆಗಿದೆ ಅಂತ ಕಂಡ್ರೆ ಡೈರಿಲಿ ಬರೆದಿಟ್ಕೊಳಿ.

ಇನ್ನೊಂದು ಕಾಗದ ನಮ್ಮ ಕೈಗೆ ಸಿಗಲ್ಲ ಆದ್ರೆ ಅದು ಇರೋದು ಗೊತ್ತಿರ್ಬೇಕು, ಕೋ ಟೆನೆನ್ಸಿ ಅಂತ ಕರೀತಾರೆ. ಸಣ್ಣ ಚೈನ್ ಅಂಗಡಿಗಳ ಲೀಸಲ್ಲಿ ಒಂದು ಷರತ್ತು, ಆಂಕರ್ ಇರೋ ತನಕ ಪೂರ್ತಿ ಬಾಡಿಗೆ, ಆಂಕರ್ ಮುಚ್ಚಿ ಇಷ್ಟು ತಿಂಗಳಲ್ಲಿ ಹೊಸಬ್ರು ಬರ್ಲಿಲ್ಲ ಅಂದ್ರೆ ಬಾಡಿಗೆ ಇಳಿಸ್ತೀವಿ, ಇಲ್ಲ ವ್ಯಾಪಾರದಲ್ಲಿ ಇಷ್ಟು ಪರ್ಸೆಂಟ್ ಕೊಡ್ತೀವಿ, ಅದೂ ಆಗ್ಲಿಲ್ಲ ಅಂದ್ರೆ ಬಿಟ್ಟು ಹೋಗ್ತೀವಿ. ಆಂಕರ್ ಮುಚ್ಚಿದ ದಿನ ಏನೂ ಆಗಲ್ಲ, ಎಲ್ಲಾ ಮಾಮೂಲಾಗೇ ಇರುತ್ತೆ, ಪೇಪರಲ್ಲಿ ಮೇಯರ್ ಹೊಸ ಅವಕಾಶ ಅಂತೆಲ್ಲಾ ಹೇಳಿರ್ತಾರೆ. ವರ್ಷ ಒಂದೂವರೆ ವರ್ಷ ಆದ್ಮೇಲೆ ಒಂದೇ ಸಮ ಸಾಲಾಗಿ ಶಟರ್ ಬೀಳುತ್ತೆ, ಜನ ಇದೇನಪ್ಪ ಇದ್ದಕ್ಕಿದ್ದಂಗೆ ಅಂತಾರೆ. ಇದ್ದಕ್ಕಿದ್ದಂಗಲ್ಲ, ಗಡಿಯಾರ ಅವತ್ತೇ ಶುರುವಾಗಿತ್ತು.

ಇದೆಲ್ಲಾ ಅಮೆಜಾನಿಂದ ಆಗಿದ್ದು ಅಂತ ನಮ್ಮ ಪಾಟ್‌ಲಕ್ಕುಗಳಲ್ಲಿ ಅನ್ನ ಸಾಂಬಾರ್ ತಿಂತಾ ಎಲ್ರೂ ಹೇಳ್ತಾರೆ, ನಾನು ಒಪ್ಪಲ್ಲ. ನಮ್ಮ ಕ್ಲೀವ್‌ಲ್ಯಾಂಡ್ ಕಡೇದೇ ರ್‍ಯಾಂಡಲ್ ಪಾರ್ಕ್ ಮಾಲ್ ನೋಡಿ. 1976ರಲ್ಲಿ ಶುರುವಾದಾಗ ದೇಶದ ಅತಿ ದೊಡ್ಡ ಮಾಲುಗಳಲ್ಲಿ ಒಂದು, 20 ಲಕ್ಷ ಚದರಡಿ ಮೇಲೆ, ಐದು ಆಂಕರು, ಅದಿದ್ದ ನಾರ್ತ್ ರ್‍ಯಾಂಡಲ್ ಅನ್ನೋ ಊರಲ್ಲಿ ಒಂದೆರಡು ಸಾವಿರ ಜನಾನೂ ಇರ್ಲಿಲ್ಲ. 2009ರಲ್ಲಿ ಬಾಗ್ಲು ಹಾಕ್ತು. ಆ ವರ್ಷ ಅಮೆರಿಕಾದ ಒಟ್ಟು ಚಿಲ್ಲರೆ ವ್ಯಾಪಾರದಲ್ಲಿ ಆನ್‌ಲೈನ್ ಪಾಲು ಸುಮಾರು 4 ಪರ್ಸೆಂಟು, ಅಷ್ಟಕ್ಕೆ ಐದು ಆನೆ ಬೀಳುತ್ತಾ? ಬಿದ್ದಿದ್ದು ಬೇರೆ ಕಾರಣಕ್ಕೆ. 1954ರ ತೆರಿಗೆ ಕಾನೂನಲ್ಲಿ ಹೊಸ ಕಟ್ಟಡದ ಸವಕಳಿನ (ಕಟ್ಟಡ ಹಳೇದಾಗೋದನ್ನ ಖರ್ಚು ಅಂತ ತೋರ್ಸಿ ತೆರಿಗೆ ಉಳ್ಸೋದು) ಬೇಗ ಬೇಗ ಬರ್ಕೊಳಕ್ಕೆ ಅವಕಾಶ ಕೊಟ್ರು, ಹಳೇದು ರಿಪೇರಿ ಮಾಡೋಕಿಂತ ಊರಾಚೆ ಜೋಳದ ಹೊಲದಲ್ಲಿ ಹೊಸದು ಕಟ್ಟೋದೇ ಲಾಭ ಆಯ್ತು, ಒಂದೇ ಜನಕ್ಕೆ ಮೂರು ಮಾಲ್ ಆಯ್ತು. ಜೊತೆಗೆ ಸ್ಟೋರುಗಳೆಲ್ಲ ಒಂದನ್ನೊಂದು ನುಂಗಿದ್ವು, ಹಿಗ್ಬೀಸ್ ಹೋಗಿ ಡಿಲ್ಲರ್ಡ್ಸ್ ಆಯ್ತು, ಕ್ಲೀವ್‌ಲ್ಯಾಂಡಿನ ಮೇ ಕಂಪನಿ ಸ್ಟೋರಿನ ಹೆಸ್ರು ಹೋಗಿ ಕಾಫ್‌ಮನ್ಸ್ ಆಯ್ತು, 2005ರಲ್ಲಿ ಮೇಸೀಸ್ ಓನರ್ ಆಗಿದ್ದ ಫೆಡರೇಟೆಡ್ ಬಂದು ಅವೆರಡರ ಮೂಲ ಕಂಪನಿ ಮೇ ಡಿಪಾರ್ಟ್‌ಮೆಂಟ್ ಸ್ಟೋರ್ಸನ್ನೇ ಪೂರ್ತಿ ತಗೊಂಡು ಮರುವರ್ಷ ನೂರಾರು ಸ್ಟೋರಿಗೆ ಮೇಸೀಸ್ ಅಂತ ಒಂದೇ ನಾಮಕರಣ ಮಾಡ್ತು, ಶಿಕಾಗೋದ ಮಾರ್ಷಲ್ ಫೀಲ್ಡ್ಸನ್ನೂ ಬಿಡ್ಲಿಲ್ಲ. ಒಂದೇ ಮಾಲಲ್ಲಿ ಎದುರಾಳಿಗಳಾಗಿದ್ದ ಎರಡು ಆಂಕರು ಒಂದೇ ಕಂಪನಿದಾದ್ಮೇಲೆ ಎರಡು ಯಾಕೆ ಬೇಕು? ಒಂದನ್ನ ಮುಚ್ಚಿದ್ರು. 2014ರ ಕೊನೇಲಿ ರ್‍ಯಾಂಡಲ್ ಪಾರ್ಕ್ ಕೆಡವಕ್ಕೆ ಶುರು ಮಾಡಿದ್ರು, 2018ರಿಂದ ಆ ಜಾಗದಲ್ಲಿ ಅಮೆಜಾನ್ ಗೋಡೌನು. ಕೊಂದಿದ್ದು ಅಮೆಜಾನ್ ಅಲ್ಲ, ಸೈಟ್ ಖಾಲಿ ಆದ್ಮೇಲೆ ಬಂದು ಕೂತಿದ್ದು.

ಈಗ ನಿಮ್ಮ ಮಾಲಿನ ಆಂಕರ್ ಮುಚ್ಚುತ್ತೆ ಅಂತ ಸುದ್ದಿ ಬಂತು ಅಂತಿಟ್ಕೊಳಿ (ಮೇಸೀಸ್ 2024ರ ಫೆಬ್ರವರೀಲಿ ಸುಮಾರು 150 ಸ್ಟೋರ್ ಮುಚ್ತೀವಿ ಅಂತ ಹೇಳಿದೆ, ಹಂಗಾಗಿ ಇದು ದೂರದ ಮಾತಲ್ಲ). ಮೊದ್ಲು ಡ್ರಾಯರ್ ತೆಗೆದು ಗಿಫ್ಟ್ ಕಾರ್ಡ್ ಹುಡ್ಕಿ. ದಿವಾಳಿ ಅರ್ಜಿ ಹಾಕಿ ಮುಚ್ಚೋ ಅಂಗಡಿ ಗಿಫ್ಟ್ ಕಾರ್ಡ್ ತಗೊಳೋದು ಎಷ್ಟೋ ಸಲ ಕೆಲವೇ ವಾರ. ಬೆಡ್ ಬಾತ್ ಅಂಡ್ ಬಿಯಾಂಡ್ ಅನ್ನೋ ಮನೆ ಸಾಮಾನಿನ ಚೈನ್ ಅಂಗಡಿ 2023ರ ಏಪ್ರಿಲ್ 23ಕ್ಕೆ ಅರ್ಜಿ ಹಾಕ್ತು, ಗಿಫ್ಟ್ ಕಾರ್ಡ್ ನಡೆದಿದ್ದು ಮೇ 8ರ ತನಕ, ಹದಿನೈದು ದಿನ. ಆಮೇಲೆ ನೀವೂ ಕೋರ್ಟಲ್ಲಿ ಸಾಲ ಕೊಟ್ಟೋರ ಕ್ಯೂನಲ್ಲಿ ಕೊನೇಲಿ ನಿಲ್ಬೇಕು, ಐವತ್ತು ಡಾಲರಿಗೆ ಯಾರು ನಿಲ್ತಾರೆ. ದಿವಾಳಿ ಕೇಸಲ್ಲಿ ಯಾವ ಯಾವ ಸ್ಟೋರ್ ಮುಚ್ಚುತ್ತೆ ಅನ್ನೋ ಪಟ್ಟಿ ಕೋರ್ಟ್ ಕಾಗದದ ಜೊತೇಲೇ ಇರುತ್ತೆ, ಕೇಸ್ ನೋಡ್ಕೊಳೋ ಏಜೆಂಟ್ ವೆಬ್‌ಸೈಟಲ್ಲಿ ಪುಕ್ಕಟೆ ಸಿಗುತ್ತೆ. ಇನ್ನೊಂದು ದಾರಿ ವಾರ್ನ್ ನೋಟಿಸು, ದೊಡ್ಡ ಕಂಪನಿ 50 ಅಥವಾ ಜಾಸ್ತಿ ಜನರ ಕೆಲ್ಸ ಹೋಗೋ ತರ ಒಂದು ಜಾಗ ಮುಚ್ಚೋದಾದ್ರೆ 60 ದಿನ ಮೊದ್ಲೇ ತಿಳಿಸ್ಬೇಕು, ಆ ಪಟ್ಟಿನ ರಾಜ್ಯಗಳು ವೆಬ್‌ಸೈಟಲ್ಲಿ ಹಾಕ್ತವೆ. ಬಾಗ್ಲಿಗೆ ಬ್ಯಾನರ್ ಬೀಳೋಕೆ ಮುಂಚೆ ನಿಮಗೆ ಗೊತ್ತಾಗಿರುತ್ತೆ.

ಆಮೇಲೆ ಕ್ಲೋಸಿಂಗ್ ಸೇಲು. ಇಲ್ಲಿ ನಾನು ಸರಿಯಾಗಿ ಪಿಗ್ಗಿ ಬಿದ್ದಿದೀನಿ, ಅದಕ್ಕೆ ಸ್ವಲ್ಪ ಜಾಸ್ತಿ ಹೇಳ್ತೀನಿ. ಸೇಲ್ ಶುರುವಾದ್ಮೇಲೆ ಅಂಗಡಿ ಆ ಅಂಗಡಿಯವರ ಕೈಲಿ ಇರಲ್ಲ, ಸ್ಟಾಕ್ ಖಾಲಿ ಮಾಡ್ಸೋ ಲಿಕ್ವಿಡೇಟರುಗಳು ಬಂದಿರ್ತಾರೆ, ಅದೇ ಅವರ ಕಸುಬು. ಅವರು ಡಿಸ್ಕೌಂಟ್ ಲೆಕ್ಕ ಹಾಕೋದು ಹೋದ ವಾರದ ಬೆಲೆ ಮೇಲಲ್ಲ, ಟ್ಯಾಗ್ ಮೇಲೆ ಅಚ್ಚಾಗಿರೋ ಪೂರ್ತಿ ಬೆಲೆ ಮೇಲೆ. ಹೋದ ವಾರ ಕೂಪನ್ ಹಾಕಿ 60 ಡಾಲರಿಗೆ ಸಿಗ್ತಿದ್ದ 100 ಡಾಲರಿನ ಕೋಟು ಈ ವಾರ 20 ಪರ್ಸೆಂಟ್ ಆಫ್ ಅಂತ 80 ಆಗಿರುತ್ತೆ, ಕೂಪನ್ ನಡಿಯಲ್ಲ, ವಾಪಸ್ ತಗೊಳಲ್ಲ, ಆದ್ರೂ ಕ್ಯೂ ಮಾತ್ರ ಬಾಗ್ಲ ತನಕ. ಆಷಾಢ ಸೇಲಲ್ಲಿ ಚಿಕ್ಕಪೇಟೆ ನೋಡಿದೋರಿಗೆ ಹೊಸದಾಗಿ ಹೇಳ್ಬೇಕಾ. ಜನಕ್ಕೆ ಕಮ್ಮಿ ಬೆಲೆ ಬೇಡ, ಇಳಿದ ಬೆಲೆ ಬೇಕು. ಜೆಸಿಪೆನ್ನಿಗೆ ಆಪಲ್ಲಿಂದ ಸಿಇಒ ಆಗಿ ಬಂದ ರಾನ್ ಜಾನ್ಸನ್ ಇದನ್ನ ತಿಳ್ಕೊಳ್ದೆ 2012ರಲ್ಲಿ ಕೂಪನ್ನೆಲ್ಲಾ ತೆಗೆದು ದಿನಾ ಒಂದೇ ಕಮ್ಮಿ ರೇಟು ಅಂದ್ರು, ಆ ವರ್ಷ ವ್ಯಾಪಾರ ಸುಮಾರು ಕಾಲು ಭಾಗ ಬಿತ್ತು, ಮರುವರ್ಷ ಏಪ್ರಿಲಲ್ಲಿ ಅವರನ್ನೇ ಮನೆಗೆ ಕಳ್ಸಿದ್ರು.

ನಾನು ತಗೊಂಡಿದ್ದು ಒಂದು ಸೂಟ್‌ಕೇಸ್ ಸೆಟ್ಟು, ಊರಿಗೆ ಹೋಗೋಕೆ ಅಂತ, 50 ಪರ್ಸೆಂಟ್ ಆಫ್. ಮನೆಗೆ ತಂದು ಫೋನಲ್ಲಿ ಬ್ರ್ಯಾಂಡ್ ಹೆಸ್ರು ಹಾಕಿ ಹುಡುಕಿದ್ರೆ ಅದಕ್ಕಿಂತ 15 ಡಾಲರ್ ಕಮ್ಮಿಗೆ ಮನೆಗೇ ತಂದ್ಕೊಡ್ತಾರೆ. ಅದೂ ಅಲ್ದೆ ಆ ಬ್ರ್ಯಾಂಡು ಆ ಸ್ಟೋರಲ್ಲಿ ಯಾವತ್ತೂ ಇರ್ಲೇ ಇಲ್ಲ, ಸೇಲಿಗೆ ಅಂತಾನೇ ಹೊರಗಿಂದ ಸರಕು ತಂದು ಸುರೀತಾರೆ ಅಂತ ಆಮೇಲೆ ಗೊತ್ತಾಯ್ತು, ಕೋರ್ಟೇ ಅದಕ್ಕೆ ಅನುಮತಿ ಕೊಟ್ಟಿರುತ್ತೆ. ಒಂದರ ಚಕ್ರ ಏರ್‌ಪೋರ್ಟಲ್ಲೇ ಉದುರಿತು. ಹಂಗಾಗಿ ಮೊದಲೆರಡು ವಾರ ಹೋಗ್ಬೇಡಿ, ಹೋದ್ರೂ ಕೈಯಲ್ಲಿ ಫೋನ್ ಹಿಡ್ಕೊಂಡು ಒಂದೊಂದೂ ಬೆಲೆ ಹೋಲ್ಸಿ ನೋಡಿ, ಎಲೆಕ್ಟ್ರಿಕ್ ಸಾಮಾನಾದ್ರೆ ಅಲ್ಲೇ ಡಬ್ಬಿ ಬಿಚ್ಚಿ ಪ್ಲಗ್ ಹಾಕಿ ನೋಡಿ. ಕ್ರೆಡಿಟ್ ಕಾರ್ಡಲ್ಲೇ ಕೊಡಿ.

ನಿಜವಾದ ಬೇಟೆ ಕೊನೇ ವಾರದಲ್ಲಿ, ಬಟ್ಟೆ ಅಲ್ಲ, ಬಟ್ಟೆ ನೇತಾಕೋ ಸ್ಟ್ಯಾಂಡು. ರ್‍ಯಾಕು, ಗಾಜಿನ ಕಪಾಟು, ಕನ್ನಡಿ, ಗೊಂಬೆ, ಆಫೀಸ್ ಕುರ್ಚಿ ಎಲ್ಲಾ ಮಾರ್ತಾರೆ, ಅಲ್ಲಿ ಮಾತ್ರ ಚೌಕಾಸಿ ನಡಿಯುತ್ತೆ. ಹೇಳಿದ ರೇಟಲ್ಲಿ ಅರ್ಧಕ್ಕೆ ಕೇಳಿ, ನಾಚ್ಕೊಬೇಡಿ, ಅವರಿಗೆ ಕಟ್ಟಡ ಖಾಲಿ ಮಾಡೋ ತಾರೀಖು ಇರುತ್ತೆ. ನಮ್ಮ ಕನ್ನಡ ಕೂಟದ ನಾಟಕದ ಡ್ರೆಸ್ಸೆಲ್ಲಾ ಈಗ ನೇತಾಡ್ತಿರೋದು ಹಂಗೆ 20 ಡಾಲರಿಗೆ ತಂದ ಎರಡು ಗಟ್ಟಿಮುಟ್ಟು ಕ್ರೋಮ್ ರ್‍ಯಾಕಲ್ಲಿ. ಜೊತೆಗೆ ಒಂದು ಗೊಂಬೆನೂ ತಂದೆ, ಸೀರೆ ಸ್ಟಾಲಿಗೆ ಆಗುತ್ತೆ ಅಂತ. ಹಿಂದಿನ ಸೀಟಲ್ಲಿ ಕೂರ್ಸಿ ಬೆಲ್ಟ್ ಹಾಕ್ಕೊಂಡು ಬರ್ತಿದ್ರೆ ಸಿಗ್ನಲಲ್ಲಿ ಪಕ್ಕದ ಕಾರಿನೋರು ನೋಡಿದ ನೋಟ ಇನ್ನೂ ಮರ್ತಿಲ್ಲ.

ಕೆಲವರಿಗೆ ಇಂಥ ಮಾಲಲ್ಲಿ ಬಾಡಿಗೆ ಕಮ್ಮಿ ಅಂತ ಅಂಗಡಿ ಇಡೋ ಆಸೆ ಬರುತ್ತೆ. ನನ್ನ ಸ್ನೇಹಿತ ಒಬ್ರಿಗೆ ಫುಡ್ ಕೋರ್ಟಲ್ಲಿ ದೋಸೆ ಕೌಂಟರ್ ಹಾಕೋ ಮನಸಿತ್ತು. ಮ್ಯಾನೇಜ್‌ಮೆಂಟಿನೋರು ತುಂಬಾ ಪ್ರೀತಿಯಿಂದ ಕರೆದು ಕೂರ್ಸಿ, ಬಾಡಿಗೇನೇ ಬೇಡ ಸಾರ್, ವ್ಯಾಪಾರದಲ್ಲಿ ಹತ್ತು ಪರ್ಸೆಂಟ್ ಕೊಡಿ ಸಾಕು ಅಂದ್ರು. ಕಾಗದ ತಂದು ನಂಗೆ ತೋರ್ಸಿದ್ರು. ಹದಿನೇಳನೇ ಪುಟದಲ್ಲಿ ಒಂದು ಸಾಲು, 30 ದಿನ ನೋಟಿಸ್ ಕೊಟ್ಟು ಮಾಲಿನೋರು ಯಾವಾಗ ಬೇಕಾದ್ರೂ ಬಿಡ್ಸಬಹುದು. ಆದ್ರೆ ಎಕ್ಸಾಸ್ಟು, ಗ್ಯಾಸ್ ಲೈನು, ತವಾ ಎಲ್ಲಾ ಇವರ ಖರ್ಚು, ಗೋಡೆಗೆ ಕೂತಿದ್ದನ್ನ ವಾಪಸ್ ಕಿತ್ಕೊಂಡು ಹೋಗೋ ಹಂಗಿಲ್ಲ. ಎಲ್ಲಾ ಅಂಗಡಿಗೂ ಸೇರಿದ ಜಾಗದ ನಿರ್ವಹಣೆ ಚಾರ್ಜು ಬೇರೆ, ಖಾಲಿ ಅಂಗಡಿ ಜಾಸ್ತಿ ಆದಷ್ಟೂ ಅದನ್ನ ಹಂಚ್ಕೊಳೋರು ಕಮ್ಮಿ ಆಗಿ ಇವರ ಪಾಲು ಏರ್ತಾ ಹೋಗೋ ತರ ಬರೆದಿದ್ರು. ಅವರು ಬಿಟ್ರು, ಒಂದು ಸ್ಟ್ರಿಪ್ ಮಾಲಲ್ಲಿ (ರಸ್ತೆ ಬದಿ ಒಂದೇ ಸಾಲಲ್ಲಿರೋ ಅಂಗಡಿಗಳು) ಇಂಡಿಯನ್ ದಿನಸಿ ಅಂಗಡಿ ಪಕ್ಕ ಹಾಕಿದ್ರು, ಚೆನ್ನಾಗಿ ನಡೀತಿದೆ. ಹಂಗಂತ ಪೂರ್ತಿ ಬೇಡ ಅಂತಲ್ಲ. ಖರ್ಚು ಹಾಕಿ ಗೋಡೆಗೆ ಕೂರ್ಸೋದು ಏನೂ ಇಲ್ಲ ಅಂದ್ರೆ, ಭರತನಾಟ್ಯ ಕ್ಲಾಸು, ಭಾನುವಾರದ ಕನ್ನಡ ಕಲಿ, ಚೆಸ್ ಕ್ಲಬ್ಬು, ಇಂಥದಕ್ಕೆಲ್ಲಾ ಸಾಯ್ತಿರೋ ಮಾಲಿನಂಥ ಜಾಗ ಸಿಗಲ್ಲ, ಪಾರ್ಕಿಂಗ್ ಬೇಕಾದಷ್ಟು, ಬಾತ್‌ರೂಮ್ ಇದೆ, ಮಕ್ಕಳು ಎಷ್ಟು ಗಲಾಟೆ ಮಾಡಿದ್ರೂ ಕೇಳೋರಿಲ್ಲ. ಸಹಿ ಹಾಕೋ ಮುಂಚೆ ಚಳಿಗಾಲದಲ್ಲಿ ಹೀಟಿಂಗ್ ಯಾರ ಜವಾಬ್ದಾರಿ ಅಂತ ಬರವಣಿಗೇಲಿ ತಗೊಳಿ, ನಾವು ಒಂದು ಜನವರಿ ಪೂರ್ತಿ ಮಕ್ಕಳಿಗೆ ಜಾಕೆಟ್ ಹಾಕ್ಸಿ ಒತ್ತಕ್ಷರ ಕಲ್ಸಿದೀವಿ.

ಮನೆ ತಗೊಳೋರಿಗೆ ಕೊನೇದಾಗಿ ಒಂದು. ಓಹಾಯೋ ಅಂಥ ಕಡೆ ಸ್ಕೂಲ್ ನಡಿಯೋದರಲ್ಲಿ ಪ್ರಾಪರ್ಟಿ ಟ್ಯಾಕ್ಸ್ ಪಾಲು ದೊಡ್ಡದು. ಮಾಲ್ ಬಿದ್ದಾಗ ಅದರ ಓನರ್ ಕೌಂಟಿಗೆ ಹೋಗಿ ನನ್ನ ಆಸ್ತಿ ಬೆಲೆ ಇಷ್ಟಿಲ್ಲ, ಟ್ಯಾಕ್ಸ್ ಇಳಿಸಿ ಅಂತ ಅರ್ಜಿ ಹಾಕ್ತಾನೆ, ಇಳಿಸ್ತಾರೆ, ಆ ತೂತು ಮುಚ್ಚಕ್ಕೆ ಮುಂದಿನ ನವೆಂಬರಲ್ಲಿ ಸ್ಕೂಲ್ ಲೆವಿ ಅಂತ (ಸ್ಕೂಲಿಗೆ ಹೆಚ್ಚಿನ ಟ್ಯಾಕ್ಸ್ ಕೊಡ್ತೀರಾ ಅಂತ ಮತ ಕೇಳೋದು) ಬ್ಯಾಲೆಟ್ಟಲ್ಲಿ ಬರ್ಬಹುದು. ಆ ಕೌಂಟಿ ವೆಬ್‌ಸೈಟಲ್ಲೇ ಮಾಲಿನ ಪಾರ್ಸೆಲ್ ಮೇಲೆ ಕ್ಲಿಕ್ ಮಾಡಿ ಹಿಂದಿನ ವರ್ಷಗಳ ಬೆಲೆ ನೋಡಿ, ಮೆಟ್ಟಿಲು ಇಳಿದಂಗೆ ಇಳೀತಾ ಇದ್ರೆ ಓಪನ್ ಹೌಸಿಗೆ ಹೋದಾಗ ಏಜೆಂಟಿಗೆ ಆ ಪೇಜೇ ತೋರ್ಸಿ. ನಮ್ಮ ಪಕ್ಕದ ಬೀದೀಲಿ ಮನೆ ನೋಡಕ್ಕೆ ಬಂದಿದ್ದ ಒಬ್ಬ ದಾವಣಗೆರೆ ಹುಡುಗ ಹೋದ ತಿಂಗಳು ತೋರ್ಸಿದ, ಏಜೆಂಟು ಐದು ನಿಮಿಷ ಮಾತೇ ಆಡ್ಲಿಲ್ವಂತೆ, ಆಮೇಲೆ ಅಡುಗೆಮನೆ ತುಂಬಾ ದೊಡ್ಡದಿದೆ ಬನ್ನಿ ಅಂತ ಆ ಕಡೆ ಕರ್ಕೊಂಡು ಹೋದ್ರಂತೆ.